ಮುಂಗಡದ ಸಂಕೋಲೆ: ನೀಲಿ ಬೆಳೆದ ರೈತರ ಕಥೆ



ಸ್ವಾತಂತ್ರ್ಯ ಎಂಬ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ. ಆಗಸ್ಟ್ 15ರಂದು ಧ್ವಜ ಏರಿಸುವಾಗ ಕೇಳುತ್ತೇವೆ, ಪೌರನೀತಿಯ ಪಾಠದಲ್ಲಿ ಓದುತ್ತೇವೆ. ಅದರ ಅರ್ಥವೇನು ಎಂದು ಯಾರಾದರೂ ಕೇಳಿದರೆ, ನಮಗೆ ಬೇಕಾದುದನ್ನು ಮಾಡುವ ಅವಕಾಶ ಎಂದು ಹೇಳಿಬಿಡುತ್ತೇವೆ. ಉತ್ತರ ತಪ್ಪೇನಲ್ಲ. ಆದರೆ ಅದಕ್ಕಿಂತ ಮೊದಲು ಬರುವ ಇನ್ನೊಂದು ಸಂಗತಿಯಿದೆ. ನಮಗೆ ಬೇಡವಾದುದನ್ನು ಮಾಡು ಎಂದು ಯಾರಾದರೂ ಹೇಳಿದಾಗ ‘ಒಲ್ಲೆ’ ಎನ್ನಬಲ್ಲ ಶಕ್ತಿಯೇ ಅದು. ಒಲ್ಲೆ ಎನ್ನಲಾಗದವನಿಗೆ ಉಳಿದ ಸ್ವಾತಂತ್ರ್ಯಗಳೆಲ್ಲ ಬರಿಯ ಮಾತಾಗಿ ಉಳಿಯುತ್ತವೆ.

ಈ ಶಕ್ತಿಯನ್ನು ಕಸಿದುಕೊಳ್ಳಲು ಯಾವಾಗಲೂ ಕತ್ತಿ, ಬಂದೂಕು ಬೇಕಿಲ್ಲ. ಒಬ್ಬನ ಬಳಿ ಬೇಕಾದಷ್ಟು ಹಣವಿದ್ದು, ಇನ್ನೊಬ್ಬನ ಮನೆಯಲ್ಲಿ ನಾಳಿನ ಊಟಕ್ಕೆ ಧಾನ್ಯವಿಲ್ಲದಿದ್ದರೆ, ಎರಡು ರೂಪಾಯಿ ಸಾಕು. ಇದು ಉತ್ಪ್ರೇಕ್ಷೆ ಎಂದು ನಿಮಗೆ ತೋರಬಹುದು. ಹಾಗಾದರೆ ನಮ್ಮ ದೇಶದ ಇತಿಹಾಸದಲ್ಲಿ ನಡೆದ ಒಂದು ಬೆಳೆಯ ಕಥೆಯನ್ನು ನೋಡೋಣ. ಆ ಬೆಳೆ ನೀಲಿ.

ಒಂದು ಬಣ್ಣದ ಬೆಲೆ

ಇಂದು ನೀವು ತೊಡುವ ನೀಲಿ ಬಟ್ಟೆಯ ಬಣ್ಣ ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ತಯಾರಾಗುತ್ತದೆ. ಹಿಂದೆ ಅದು ಗಿಡದಿಂದ ಬರುತ್ತಿತ್ತು. ಆಳೆತ್ತರವೂ ಇಲ್ಲದ ನೀಲಿ ಗಿಡವನ್ನು ಕೊಯ್ದು, ಕಟ್ಟು ಕಟ್ಟಿ, ದೊಡ್ಡ ತೊಟ್ಟಿಗಳಲ್ಲಿ ನೀರಿಗೆ ಹಾಕಿ ಕೊಳೆಸುತ್ತಿದ್ದರು. ಆ ನೀರನ್ನು ಇನ್ನೊಂದು ತೊಟ್ಟಿಗೆ ಹರಿಸಿದ ಮೇಲೆ ಕೂಲಿಗಳು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಗಂಟೆಗಟ್ಟಲೆ ಹುಟ್ಟುಗಳಿಂದ ಬಡಿಯುತ್ತಿದ್ದರು. ಹಸಿರು ನೀರು ಮೆಲ್ಲಗೆ ನೀಲಿಯಾಗುತ್ತಿತ್ತು. ಅದಕ್ಕೆ ಸುಣ್ಣದ ನೀರು ಬೆರೆಸಿದರೆ ತಳದಲ್ಲಿ ನೀಲಿಯ ಗಸಿ ನಿಲ್ಲುತ್ತಿತ್ತು. ಗಸಿಯನ್ನು ಹಿಂಡಿ, ಒತ್ತಿ, ಬಿಲ್ಲೆಗಳಾಗಿ ಕತ್ತರಿಸಿ, ಒಣಗಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಆ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನಿಂದ ಇಂಗ್ಲೆಂಡಿಗೆ ಹೋಗುತ್ತಿದ್ದವು.

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನಲ್ಲಿ ಬಟ್ಟೆಯ ಗಿರಣಿಗಳು ಬೆಳೆದವು. ಬಣ್ಣಕ್ಕೆ ಬೇಡಿಕೆ ಏರಿತು. ಅದೇ ಹೊತ್ತಿಗೆ ನೀಲಿ ಬರುತ್ತಿದ್ದ ಹಳೆಯ ಜಾಗಗಳಲ್ಲಿ ಉತ್ಪಾದನೆ ಕುಸಿಯಿತು. ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತಾದ ಸ್ಯಾನ್ ಡೊಮಿಂಗೊದಲ್ಲಿ ಕಬ್ಬು, ಕಾಫಿ, ನೀಲಿ ಬೆಳೆಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1791ರಲ್ಲಿ ಅವರು ದಂಗೆ ಎದ್ದರು. 1804ರಲ್ಲಿ ಆ ನಾಡು ಹೈಟಿ ಎಂಬ ಹೆಸರಿನ ಸ್ವತಂತ್ರ ದೇಶವಾಯಿತು. ಬ್ರಿಟಿಷ್ ವ್ಯಾಪಾರಿಗಳು ನೀಲಿಗಾಗಿ ಭಾರತದತ್ತ ತಿರುಗಿದರು. 1788ರಲ್ಲಿ ಬ್ರಿಟನ್ನಿಗೆ ಬರುತ್ತಿದ್ದ ನೀಲಿಯಲ್ಲಿ ಭಾರತದ ಪಾಲು ಸುಮಾರು ಶೇಕಡ 30. 1810ರ ವೇಳೆಗೆ ಅದು ಶೇಕಡ 95ಕ್ಕೆ ಏರಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಲ್ಲಿ ಈ ಬೆಳೆಯನ್ನು ಬೆಳೆದವರು ಗುಲಾಮರು. ಬಂಗಾಳದ ರೈತ ಯಾರಿಗೂ ಗುಲಾಮನಾಗಿರಲಿಲ್ಲ. ಕಂಪನಿಯ ಆಡಳಿತವಿದ್ದ ಪ್ರದೇಶಗಳಲ್ಲಿ ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯಿಲ್ಲ ಎಂದು 1843ರ ಕಾನೂನು ಸಾರಿತ್ತು. ಹಾಗಿದ್ದೂ ತನಗೆ ನಷ್ಟ ತರುವ ಬೆಳೆಯನ್ನು, ತನ್ನ ಒಳ್ಳೆಯ ಜಮೀನಿನಲ್ಲಿ, ವರ್ಷ ವರ್ಷವೂ ಅವನು ಬೆಳೆದದ್ದು ಏಕೆ?

ಮುಂಗಡ ಕೊಡುವ ಕೈ

ನೀಲಿಯನ್ನು ಬೆಳೆಸುವುದಕ್ಕೆ ಐರೋಪ್ಯ ಮಾಲೀಕರ ಮುಂದೆ ಎರಡು ದಾರಿಗಳಿದ್ದವು. ತಾವೇ ಜಮೀನು ಹಿಡಿದು, ಕೂಲಿ ಕೊಟ್ಟು ಬೆಳೆಸುವುದು ಒಂದು. ಅದಕ್ಕೆ ನೂರಾರು ನೇಗಿಲು, ಎತ್ತು, ಆಳುಗಳು ಬೇಕು. ಭತ್ತದ ಕೆಲಸದ ಹೊತ್ತಿನಲ್ಲಿ ಅವು ಸಿಕ್ಕುವುದೂ ಕಷ್ಟ. ಆದುದರಿಂದ ಬಹುಪಾಲು ಮಾಲೀಕರು ಎರಡನೆಯ ದಾರಿ ಹಿಡಿದರು. ರೈತನಿಗೆ ಮುಂಗಡ ಕೊಟ್ಟು, ಅವನ ಜಮೀನಿನಲ್ಲಿ, ಅವನ ಎತ್ತು ನೇಗಿಲಿನಿಂದ ಅವನೇ ಬೆಳೆಯುವಂತೆ ಕರಾರು ಮಾಡಿಸಿಕೊಳ್ಳುವುದು.

ಮುಂಗಡಕ್ಕೆ ಬಂಗಾಳದಲ್ಲಿ ‘ದಾದನ್’ ಎನ್ನುತ್ತಿದ್ದರು. ಬಿಘಾ ಒಂದಕ್ಕೆ ಸಾಮಾನ್ಯವಾಗಿ ಎರಡು ರೂಪಾಯಿ. ಕಂದಾಯದ ಕಂತು ಬಂದಾಗ, ಮನೆಯಲ್ಲಿ ಮದುವೆಯೋ ಕಾಯಿಲೆಯೋ ಇದ್ದಾಗ, ಕೈಗೆ ಸಿಕ್ಕುವ ಆ ಹಣ ರೈತನಿಗೆ ದೊಡ್ಡದಾಗಿಯೇ ಕಾಣುತ್ತಿತ್ತು. ಬಡ್ಡಿಯೂ ಕಡಿಮೆ. ಆದರೆ ಹಣ ಪಡೆದವನು ತನ್ನ ಜಮೀನಿನ ಕಾಲು ಭಾಗದಷ್ಟಾದರೂ ನೀಲಿ ಬೆಳೆಯಬೇಕು. ಯಾವ ಕಾಲು ಭಾಗ ಎಂಬುದನ್ನು ಕೋಠಿಯವರು ಗುರುತಿಸುತ್ತಿದ್ದರು. ಕೋಠಿ ಎಂದರೆ ಮಾಲೀಕನ ಬಂಗಲೆ, ಕಚೇರಿ, ತೊಟ್ಟಿಗಳು ಎಲ್ಲವೂ ಇದ್ದ ಜಾಗ. ಅವರ ಕಣ್ಣು ಬೀಳುತ್ತಿದ್ದುದು ಭತ್ತಕ್ಕೆ ಒದಗುವ ಫಲವತ್ತಾದ ಭೂಮಿಯ ಮೇಲೆ. ನೀಲಿ ಗಿಡದ ಬೇರು ಆಳಕ್ಕಿಳಿದು ಸಾರ ಹೀರುತ್ತದೆ. ಅದನ್ನು ಕೊಯ್ದ ನೆಲದಲ್ಲಿ ಭತ್ತ ಬಿತ್ತಿದರೆ ಸರಿಯಾಗಿ ಏಳುವುದಿಲ್ಲ.

ಕೊಯ್ಲಾದ ಮೇಲೆ ಗಿಡದ ಕಟ್ಟುಗಳನ್ನು ಅಳೆಯುವವರು ಕೋಠಿಯ ನೌಕರರು. ಬೆಲೆ ನಿಗದಿಯಾದದ್ದು ಕರಾರಿನ ದಿನವೇ. ಅದು ಪೇಟೆಯ ಬೆಲೆಗಿಂತ ಬಹಳ ಕೆಳಗೆ. ಅದರಲ್ಲಿ ಬೀಜದ ಹಣ ಕಳೆಯಬೇಕು, ಸಾಗಣೆಯ ಖರ್ಚು ಕಳೆಯಬೇಕು, ಗುಮಾಸ್ತೆಯ ಮಾಮೂಲು ಬೇರೆ. ಕೊನೆಗೆ ಲೆಕ್ಕದ ಪುಸ್ತಕ ತೆಗೆದು ನೋಡಿದರೆ, ಬೆಳೆ ಕೊಟ್ಟ ರೈತನೇ ಕೋಠಿಗೆ ಬಾಕಿ ಕೊಡಬೇಕಾಗಿರುತ್ತಿತ್ತು. ಬಾಕಿ ತೀರಿಸಲು ಹಣವಿಲ್ಲ. ಹಾಗಾದರೆ ಮತ್ತೆ ಮುಂಗಡ ತೆಗೆದುಕೋ, ಬರುವ ವರ್ಷವೂ ನೀಲಿ ಬೆಳೆ. ತಂದೆ ತೀರಿಕೊಂಡರೆ ಲೆಕ್ಕ ಮಗನ ಹೆಸರಿಗೆ ಬರುತ್ತಿತ್ತು. ಓದು ಬರಹ ಬಾರದ ರೈತರಿಂದ ಖಾಲಿ ಛಾಪಾ ಕಾಗದಕ್ಕೆ ಗುರುತು ಹಾಕಿಸಿಕೊಂಡ ದೂರುಗಳೂ ಇದ್ದವು. ಮುಂಗಡ ಬೇಡ ಎಂದವನ ಮನೆಗೆ ಲಾಠಿ ಹಿಡಿದ ಆಳುಗಳು ಬರುತ್ತಿದ್ದರು. ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಹಿಡಿದು ತಂದವರನ್ನು ಕೋಠಿಯ ಉಗ್ರಾಣದಲ್ಲಿ ಕೂಡಿಹಾಕುತ್ತಿದ್ದರು.

ಈ ವ್ಯವಸ್ಥೆಯ ಜಾಣತನವನ್ನು ಗಮನಿಸಿ. ಗುಲಾಮನನ್ನು ಕೊಂಡವನು ಅವನಿಗೆ ಅನ್ನವನ್ನಾದರೂ ಹಾಕಬೇಕಾಗಿತ್ತು. ಇಲ್ಲಿ ಅದೂ ಇಲ್ಲ. ಜಮೀನು ರೈತನದು, ದುಡಿಮೆ ರೈತನದು, ಮಳೆ ಕೈಕೊಟ್ಟರೆ ನಷ್ಟವೂ ರೈತನದು. ಲಾಭ ಮಾತ್ರ ಕೋಠಿಯದು. ಯಾರಾದರೂ ಪ್ರಶ್ನಿಸಿದರೆ ತೋರಿಸಲು ಕರಾರು ಪತ್ರವಿತ್ತು: ಇವನು ತಾನಾಗಿಯೇ ಒಪ್ಪಿ ಹಣ ಪಡೆದಿದ್ದಾನೆ, ನೋಡಿ!

ಲಾಭದ ಸರಪಣಿ

ಇಷ್ಟು ಕೇಳಿದಾಗ, ಆ ಮಾಲೀಕರೆಲ್ಲ ಕಟುಕರು, ಅವರಿಂದಲೇ ಎಲ್ಲ ಕೆಡುಕೂ ಆಯಿತು ಎಂದು ಅನ್ನಿಸುವುದು ಸಹಜ. ಕ್ರೂರಿಗಳು ಇದ್ದೇ ಇದ್ದರು. ಆದರೆ ಇತಿಹಾಸದ ವಿದ್ಯಾರ್ಥಿಗಳು ಅಲ್ಲಿಗೇ ನಿಲ್ಲಬಾರದು. ದುರಾಸೆ ಒಬ್ಬನ ಎದೆಯೊಳಗಿನ ಗುಣ ಮಾತ್ರವಾಗಿದ್ದರೆ, ಆ ಒಬ್ಬನನ್ನು ತೆಗೆದುಹಾಕಿದರೆ ಮುಗಿಯುತ್ತಿತ್ತು. ಅದು ವ್ಯವಸ್ಥೆಯೇ ಆದಾಗ ಕಷ್ಟ.

ನೀಲಿಯ ಮಾಲೀಕನೂ ಸಾಲದಲ್ಲಿ ನಿಂತವನೇ. ಅವನಿಗೆ ಬಂಡವಾಳ ಕೊಡುತ್ತಿದ್ದವು ಕಲ್ಕತ್ತೆಯ ಏಜೆನ್ಸಿ ಕಂಪನಿಗಳು ಮತ್ತು ಬ್ಯಾಂಕುಗಳು. ಲಂಡನ್ನಿನ ಪೇಟೆಯಲ್ಲಿ ನೀಲಿಯ ಬೆಲೆ ಬಿದ್ದರೆ ಕಲ್ಕತ್ತೆ ನಡುಗುತ್ತಿತ್ತು. ನೀಲಿಗೆ ಬಹಳ ಸಾಲ ಕೊಟ್ಟಿದ್ದ ಯೂನಿಯನ್ ಬ್ಯಾಂಕ್ 1848ರಲ್ಲಿ ಮುಳುಗಿಯೇ ಹೋಯಿತು. ಹೀಗೆ ಮೇಲಿನಿಂದ ಒತ್ತಡ ಬಂದಾಗ ಪ್ರತಿಯೊಬ್ಬನೂ ತನ್ನ ನಷ್ಟವನ್ನು ತನಗಿಂತ ಕೆಳಗಿನವನ ಮೇಲೆ ದಾಟಿಸುತ್ತಿದ್ದನು. ವ್ಯಾಪಾರಿ ಮಾಲೀಕನ ಮೇಲೆ, ಮಾಲೀಕ ಗುಮಾಸ್ತೆಯ ಮೇಲೆ, ಗುಮಾಸ್ತೆ ರೈತನ ಮೇಲೆ. ರೈತನ ಕೆಳಗೆ ಯಾರೂ ಇರಲಿಲ್ಲ. ಇದ್ದದ್ದು ಅವನ ಹೆಂಡತಿ ಮಕ್ಕಳ ಹೊಟ್ಟೆ ಮಾತ್ರ. ಲಾಠಿ ಹಿಡಿದವರು, ಲೆಕ್ಕ ಬರೆದವರು, ಹಳ್ಳಿಗಳನ್ನು ಗುತ್ತಿಗೆಗೆ ಕೊಟ್ಟ ಜಮೀನ್ದಾರರಲ್ಲಿ ಬಹುಮಂದಿ, ಇವರೆಲ್ಲ ನಮ್ಮ ದೇಶದವರೇ ಎಂಬುದನ್ನೂ ಮರೆಯಬಾರದು. ಲಾಭದ ಸರಪಣಿಗೆ ಬಣ್ಣವಿಲ್ಲ, ಜಾತಿಯಿಲ್ಲ. ‘ಒಲ್ಲೆ’ ಎನ್ನಲಾರದವನು ಎಲ್ಲಿದ್ದಾನೆ ಎಂದು ಅದು ಹುಡುಕುತ್ತಾ ಹೋಗುತ್ತದೆ.

ಒಲ್ಲೆವೆಂದ ಹಳ್ಳಿಗಳು

1859ರಲ್ಲಿ ಬಂಗಾಳದ ರೈತರು ಆ ಮಾತನ್ನು ಹೇಳಿಯೇ ಬಿಟ್ಟರು. ಅದಕ್ಕೆ ಒಂದು ಕಿಡಿ ಬೇಕಿತ್ತು. ನೀಲಿಯ ಕರಾರಿಗೆ ಒಪ್ಪುವಂತೆ ರೈತರನ್ನು ಬಲವಂತಪಡಿಸುವಂತಿಲ್ಲ ಎಂದು ಬಾರಾಸಾತದ ಮ್ಯಾಜಿಸ್ಟ್ರೇಟ್ ಆಶ್ಲಿ ಈಡನ್ ಆದೇಶ ಹೊರಡಿಸಿದನು. ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹರಡಿತು. ಸರ್ಕಾರವೇ ನಮ್ಮ ಕಡೆಗಿದೆ ಎಂದು ಜನ ನಂಬಿದರು. ನದಿಯಾ ಜಿಲ್ಲೆಯಲ್ಲಿ ದಿಗಂಬರ ಬಿಸ್ವಾಸ್, ಬಿಷ್ಣುಚರಣ ಬಿಸ್ವಾಸ್ ಎಂಬುವರು ಮುಂದೆ ನಿಂತರು. ಹಳ್ಳಿ ಹಳ್ಳಿಗಳೇ ಒಟ್ಟಾಗಿ, ಮುಂಗಡ ಬೇಡ, ನೀಲಿ ಬಿತ್ತುವುದಿಲ್ಲ ಎಂದವು. ಲಾಠಿಯಾಳುಗಳು ಬಂದಾಗ ಗಂಡಸರು ಕತ್ತಿ, ಈಟಿ, ಬಿಲ್ಲುಬಾಣ ಹಿಡಿದರು. ಹೆಂಗಸರು ಅಡಿಗೆಮನೆಯ ಪಾತ್ರೆಪಡಗಗಳನ್ನೇ ಆಯುಧ ಮಾಡಿಕೊಂಡರು.

ಒಬ್ಬೊಬ್ಬನೇ ಒಲ್ಲೆ ಎಂದಾಗ ಪೆಟ್ಟು ತಿಂದಿದ್ದನು. ಬಡವನ ಕೋಪ ದವಡೆಗೆ ಮೂಲ ಎಂಬ ನಮ್ಮ ಗಾದೆ ಒಂಟಿ ಬಡವನನ್ನು ಕುರಿತದ್ದು. ಸಾವಿರ ಮಂದಿ ಒಂದೇ ಮಾತು ಹೇಳಿದಾಗ ಪರಿಸ್ಥಿತಿ ಬದಲಾಯಿತು. ಸರ್ಕಾರ ಮೊದಲು ಮಾಲೀಕರ ಕಡೆಗೆ ವಾಲಿ, 1860ರಲ್ಲಿ ಆರು ತಿಂಗಳ ಮಟ್ಟಿಗೆ ಒಂದು ಕಾನೂನು ತಂದಿತು. ನೀಲಿಯ ಕರಾರು ಮುರಿದರೆ ಅದು ಶಿಕ್ಷಾರ್ಹ ಅಪರಾಧ! ಸಾಲದ ವ್ಯವಹಾರಕ್ಕೆ ಸೆರೆಮನೆಯ ಬೆದರಿಕೆ ಬಂದಿತು. ಆದರೂ ರೈತರು ಜಗ್ಗಲಿಲ್ಲ. ಆ ವರ್ಷ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಗ್ರಾಂಟ್ ನದಿಯ ಮೇಲೆ ಪ್ರಯಾಣ ಮಾಡುತ್ತಿದ್ದಾಗ ಎರಡೂ ದಡಗಳಲ್ಲಿ ಮೈಲುಗಟ್ಟಲೆ ಜನ ನಿಂತು ನ್ಯಾಯ ಬೇಡಿದರು. ಅವರಲ್ಲಿ ಹೆಂಗಸರೂ ಇದ್ದರು. ಅಷ್ಟು ಜನ, ಅಷ್ಟು ಶಿಸ್ತು, ಅಷ್ಟು ದೃಢತೆ ಕಂಡು ಅವನು ಚಿಂತೆಗೊಳಗಾದನು.

ಇದೇ ಕಾನೂನಿನ ಮೂಲಕ ವಿಚಾರಣೆಗೆ ಒಂದು ಆಯೋಗವೂ ನೇಮಕವಾಗಿತ್ತು. ಸೀಟನ್‌ಕಾರ್ ಅದರ ಅಧ್ಯಕ್ಷ. ರೈತರು, ಮಾಲೀಕರು, ಪಾದ್ರಿಗಳು, ಅಧಿಕಾರಿಗಳು ಸಾಕ್ಷ್ಯ ಹೇಳಿದರು. ಮನುಷ್ಯರ ರಕ್ತದ ಕಲೆಯಿಲ್ಲದ ನೀಲಿಯ ಪೆಟ್ಟಿಗೆ ಒಂದೂ ಇಂಗ್ಲೆಂಡನ್ನು ಮುಟ್ಟಿಲ್ಲ ಎಂಬ ಅರ್ಥದ ಮಾತನ್ನು ಅಲ್ಲಿ ಹೇಳಿದವನು, ಹಿಂದೆ ಫರೀದ್‌ಪುರದಲ್ಲಿ ಮ್ಯಾಜಿಸ್ಟ್ರೇಟನಾಗಿದ್ದ ಡಿ ಲಾಟೂರ್ ಎಂಬ ಬ್ರಿಟಿಷ್ ಅಧಿಕಾರಿಯೇ. ಆಯೋಗ ಮಾಲೀಕರ ದಬ್ಬಾಳಿಕೆಯನ್ನು ಒಪ್ಪಿತು. ಆಗಲೇ ಮಾಡಿಕೊಂಡ ಕರಾರುಗಳನ್ನು ರೈತರು ಪೂರೈಸಬೇಕು, ಮುಂದೆ ನೀಲಿ ಬೆಳೆಯುವಂತೆ ಅವರನ್ನು ಬಲವಂತಪಡಿಸುವಂತಿಲ್ಲ ಎಂಬ ತೀರ್ಮಾನ ಬಂದಿತು.

ರೈತರ ಪರವಾಗಿ ಅಕ್ಷರ ಬಲ್ಲವರೂ ನಿಂತರು. ‘ಹಿಂದೂ ಪೇಟ್ರಿಯಟ್’ ಪತ್ರಿಕೆಯ ಸಂಪಾದಕ ಹರೀಶಚಂದ್ರ ಮುಖರ್ಜಿ ಹಳ್ಳಿಗಳ ವರದಿಗಳನ್ನು ಬಿಡದೆ ಪ್ರಕಟಿಸಿದರು. ಅಂಚೆ ಇಲಾಖೆಯಲ್ಲಿದ್ದ ದೀನಬಂಧು ಮಿತ್ರ ‘ನೀಲದರ್ಪಣ’ ಎಂಬ ನಾಟಕ ಬರೆದರು. 1860ರಲ್ಲಿ ಢಾಕಾದಲ್ಲಿ ಅದು ಲೇಖಕರ ಹೆಸರಿಲ್ಲದೆ ಅಚ್ಚಾಯಿತು. ಅದರ ಇಂಗ್ಲಿಷ್ ಅನುವಾದವನ್ನು ಹೊರತಂದ ಪಾದ್ರಿ ಜೇಮ್ಸ್ ಲಾಂಗ್ ಅವರಿಗೆ 1861ರಲ್ಲಿ ಒಂದು ತಿಂಗಳ ಸೆರೆವಾಸ, 1000 ರೂಪಾಯಿ ದಂಡ ಬಿದ್ದಿತು. ದಂಡದ ಹಣವನ್ನು ಕಟ್ಟಿದವರು ಬಂಗಾಳಿ ಸಾಹಿತಿ ಕಾಳೀಪ್ರಸನ್ನ ಸಿಂಹ. ಅನ್ಯಾಯ ಮಾಡಿದವರಿಗೆ ಶಿಕ್ಷೆಯಾಗುವ ಮೊದಲು ಅದನ್ನು ಹೇಳಿದವರಿಗೆ ಶಿಕ್ಷೆಯಾದದ್ದು ನಮ್ಮ ಗಮನಕ್ಕೆ ಬರಬೇಕು.

ಚಂಪಾರಣ್ಯದ ಮೂರು ಕಠಾ

ಬಂಗಾಳದಲ್ಲಿ ನೀಲಿಯ ಕೃಷಿ ಕುಸಿಯಿತು. ಮಾಲೀಕರು ತಮ್ಮ ವ್ಯವಹಾರವನ್ನು ಬಿಹಾರದತ್ತ ಸಾಗಿಸಿದರು. ನೇಪಾಳದ ಗಡಿಗೆ ತಾಗಿದ ಚಂಪಾರಣ್ಯ ಜಿಲ್ಲೆಯಲ್ಲಿ ಬಹುಪಾಲು ಭೂಮಿ ಬೇತಿಯಾ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನವೂ ಸಾಲದಲ್ಲಿ ಮುಳುಗಿ, ನೂರಾರು ಹಳ್ಳಿಗಳನ್ನು ನೀಲಿಯ ಮಾಲೀಕರಿಗೆ ಗುತ್ತಿಗೆಗೆ ಕೊಟ್ಟಿತ್ತು. ಅಲ್ಲಿನ ನಿಯಮಕ್ಕೆ ‘ತೀನ್‌ಕಠಿಯಾ’ ಎಂದು ಹೆಸರು. ಒಂದು ಬಿಘಾ ಎಂದರೆ ಇಪ್ಪತ್ತು ಕಠಾ. ಅದರಲ್ಲಿ ಮೂರು ಕಠಾ ಭೂಮಿಯಲ್ಲಿ ರೈತ ನೀಲಿ ಬೆಳೆಯಲೇಬೇಕು. ಇದರ ಜೊತೆಗೆ ಲೆಕ್ಕವಿಲ್ಲದಷ್ಟು ಕಾನೂನುಬಾಹಿರ ತೆರಿಗೆಗಳಿದ್ದವು. ರೈತನ ಮನೆಯಲ್ಲಿ ಮದುವೆಯಾದರೆ ಒಂದು ತೆರಿಗೆ. ಸಾಹೇಬನು ಆನೆ ಕೊಂಡರೆ ಇನ್ನೊಂದು.

ಈ ನಡುವೆ ದೂರದ ಜರ್ಮನಿಯಲ್ಲಿ ವಿಜ್ಞಾನ ಒಂದು ತಿರುವು ತಂದಿತು. ರಸಾಯನಶಾಸ್ತ್ರಜ್ಞ ಅಡಾಲ್ಫ್ ಫಾನ್ ಬೇಯರ್ ನೀಲಿಯನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ಬಗೆ ಕಂಡುಹಿಡಿದರು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಕೃತಕ ನೀಲಿಯನ್ನು ಪೇಟೆಗೆ ತಂದಿತು. ಗಿಡದ ನೀಲಿಯ ಬೆಲೆ ಕುಸಿಯಿತು. ಇನ್ನಾದರೂ ರೈತರಿಗೆ ಬಿಡುಗಡೆಯಾಯಿತು ಎಂದು ನೀವು ಅಂದುಕೊಳ್ಳಬಹುದು. ನಡೆದದ್ದು ಬೇರೆ. ನೀಲಿಯಿಂದ ಇನ್ನು ಲಾಭವಿಲ್ಲ ಎಂದು ಅರಿತ ಮಾಲೀಕರು ರೈತನ ಬಿಡುಗಡೆಯನ್ನೇ ಮಾರತೊಡಗಿದರು! ನಿನ್ನನ್ನು ತೀನ್‌ಕಠಿಯಾದಿಂದ ಬಿಡುತ್ತೇವೆ, ಅದಕ್ಕೆ ಪ್ರತಿಯಾಗಿ ಹೆಚ್ಚಿನ ಗೇಣಿ ಕೊಡು; ಇಲ್ಲವೇ ಒಂದೇ ಸಲಕ್ಕೆ ಇಡುಗಂಟು ಪರಿಹಾರ ಕೊಡು. ಹೆಚ್ಚಿನ ಗೇಣಿಗೆ ‘ಶರಹಬೇಶಿ’ ಎಂದೂ ಇಡುಗಂಟಿಗೆ ‘ತಾವಾನ್’ ಎಂದೂ ಹೆಸರು. ಪರಿಹಾರದ ಹಣವಿಲ್ಲದವರು ಸಾಲಪತ್ರ ಬರೆದುಕೊಟ್ಟರು. 1914ರಲ್ಲಿ ಮೊದಲ ಮಹಾಯುದ್ಧ ಬಂದು ಜರ್ಮನಿಯ ಬಣ್ಣ ನಿಂತುಹೋದಾಗ ನೀಲಿಗೆ ಮತ್ತೆ ಬೆಲೆ ಬಂದಿತು; ರೈತರ ಮೇಲಿನ ಒತ್ತಾಯವೂ ಮತ್ತೆ ಬಿಗಿಯಾಯಿತು. ಬೆಲೆ ಏರಿದಾಗಲೂ ಇಳಿದಾಗಲೂ ಕಳೆದುಕೊಂಡವನು ಒಬ್ಬನೇ.

ಭಯ ಬಿಟ್ಟ ದಿನ

ಮುಂದಿನ ಕಥೆ ನಿಮಗೆ ಸ್ವಲ್ಪ ಗೊತ್ತಿದೆ. 1916ರ ಡಿಸೆಂಬರಿನಲ್ಲಿ ಲಕ್ನೋದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ರಾಜಕುಮಾರ ಶುಕ್ಲ ಎಂಬ ರೈತ ಗಾಂಧೀಜಿಯವರನ್ನು ಕಂಡು, ಚಂಪಾರಣ್ಯಕ್ಕೆ ಬರಬೇಕೆಂದು ಪಟ್ಟು ಹಿಡಿದರು. ಹೋದಲ್ಲೆಲ್ಲ ಹಿಂಬಾಲಿಸಿದರು. 1917ರ ಏಪ್ರಿಲ್ 15ರಂದು ಗಾಂಧೀಜಿ ಮೋತಿಹಾರಿ ತಲುಪಿದರು. ಮರುದಿನ, ದೌರ್ಜನ್ಯಕ್ಕೆ ಒಳಗಾದ ರೈತನೊಬ್ಬನ ಹಳ್ಳಿಗೆ ಆನೆಯ ಮೇಲೆ ಹೊರಟಿದ್ದಾಗ, ಜಿಲ್ಲೆಯನ್ನು ಬಿಟ್ಟು ಹೋಗಬೇಕೆಂಬ ಆದೇಶ ಕೈಗೆ ಬಂದಿತು. ಅವರು ಅದನ್ನು ಪಾಲಿಸಲಿಲ್ಲ. ಏಪ್ರಿಲ್ 18ರಂದು ನ್ಯಾಯಾಲಯದಲ್ಲಿ ನಿಂತು, ಆದೇಶ ಮೀರಿದ್ದು ನಿಜ, ಅಂತರಂಗದ ಕರೆಗೆ ಓಗೊಟ್ಟು ಮೀರಿದ್ದೇನೆ, ಶಿಕ್ಷೆಗೆ ಸಿದ್ಧ ಎಂಬ ಅರ್ಥದ ಹೇಳಿಕೆ ಓದಿದರು. ಹೊರಗೆ ರೈತರು ಸಾವಿರಗಟ್ಟಲೆ ಸೇರಿದ್ದರು. ಕೋಠಿಯ ಆಳನ್ನು ಕಂಡರೆ ದಾರಿ ಬಿಟ್ಟು ಸರಿಯುತ್ತಿದ್ದ ಜನ ಅಂದು ಪೊಲೀಸರ ಎದುರಿಗೇ ನಿಂತಿದ್ದರು. ಕೆಲವೇ ದಿನಗಳಲ್ಲಿ ಸರ್ಕಾರ ಮೊಕದ್ದಮೆಯನ್ನು ಹಿಂದೆಗೆದುಕೊಂಡಿತು.

ಆಮೇಲೆ ನಡೆದ ಕೆಲಸ ಗದ್ದಲದ್ದಲ್ಲ. ರಾಜೇಂದ್ರ ಪ್ರಸಾದ್, ಬ್ರಜಕಿಶೋರ ಪ್ರಸಾದ್ ಮೊದಲಾದ ವಕೀಲರು ಮೇಜಿನ ಮುಂದೆ ಕುಳಿತು ರೈತರ ಹೇಳಿಕೆಗಳನ್ನು ಒಂದೊಂದಾಗಿ ಬರೆದುಕೊಂಡರು. ಅಡ್ಡಪ್ರಶ್ನೆ ಹಾಕಿ, ಸುಳ್ಳೆಂದು ಕಂಡದ್ದನ್ನು ಬಿಟ್ಟರು. ಗುಪ್ತಚಾರ ಇಲಾಖೆಯ ಅಧಿಕಾರಿ ಅಲ್ಲಿಯೇ ಕುಳಿತು ಕೇಳುತ್ತಿದ್ದರೂ ರೈತರು ಹೆದರದೆ ಮಾತಾಡಿದರು. ಸಾವಿರಾರು ಹೇಳಿಕೆಗಳು ಸಂಗ್ರಹವಾದವು. ಸರ್ಕಾರ ಒಂದು ವಿಚಾರಣಾ ಸಮಿತಿ ನೇಮಿಸಿ ಗಾಂಧೀಜಿಯವರನ್ನೂ ಸದಸ್ಯರನ್ನಾಗಿ ಸೇರಿಸಿಕೊಂಡಿತು. ವಸೂಲು ಮಾಡಿದ ತಾವಾನಿನಲ್ಲಿ ಶೇಕಡ 25ರಷ್ಟನ್ನು ಹಿಂದಿರುಗಿಸಲು ಮಾಲೀಕರು ಒಪ್ಪಿದರು. 1918ರ ಚಂಪಾರಣ್ಯ ಕೃಷಿ ಕಾಯಿದೆ ತೀನ್‌ಕಠಿಯಾ ಪದ್ಧತಿಯನ್ನು ರದ್ದುಮಾಡಿತು. ಕಾಲು ಭಾಗ ಮಾತ್ರವೇ ಎಂದು ಕೇಳಬಹುದು. ಮೊತ್ತ ಸಣ್ಣದೇ. ಆದರೆ ಕೋಠಿಯ ಕೈ ತೆಗೆದುಕೊಳ್ಳುವುದಕ್ಕೆ ಮಾತ್ರ ಚಾಚುತ್ತದೆ ಎಂದು ನಂಬಿದ್ದ ಜನ, ಅದು ಹಿಂದಿರುಗಿಸುವುದನ್ನೂ ಕಂಡರು.

ಆ ವರ್ಷದ ಒಂದು ಸಣ್ಣ ಘಟನೆಯನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಹಳ್ಳಿಯ ಕೆಲವು ಹೆಂಗಸರ ಬಟ್ಟೆ ತೀರ ಕೊಳೆಯಾಗಿದ್ದುದನ್ನು ಕಂಡು, ಏಕೆ ಒಗೆದುಕೊಳ್ಳುವುದಿಲ್ಲ ಎಂದು ಕೇಳುವಂತೆ ಅವರು ಕಸ್ತೂರಬಾ ಅವರಿಗೆ ತಿಳಿಸಿದರು. ಒಬ್ಬಾಕೆ ಕಸ್ತೂರಬಾ ಅವರನ್ನು ತನ್ನ ಗುಡಿಸಲೊಳಕ್ಕೆ ಕರೆದೊಯ್ದು, ಪೆಟ್ಟಿಗೆಯಿಲ್ಲ, ಬೀರುವಿಲ್ಲ, ಉಟ್ಟಿರುವ ಸೀರೆಯೊಂದೇ ತನಗಿರುವುದು, ಅದನ್ನು ಒಗೆದು ಏನನ್ನು ಉಡಲಿ ಎಂದು ಕೇಳಿದಳು. ಜಗತ್ತಿನ ಬಟ್ಟೆಗಳಿಗೆ ಬಣ್ಣ ಕೊಟ್ಟ ಜಿಲ್ಲೆ ಅದು! ಮಾನ, ಘನತೆ ಎಂಬ ಮಾತುಗಳು ಹೊಟ್ಟೆ ಬಟ್ಟೆಯಿಂದ ದೂರ ಎಲ್ಲೋ ಇರುವ ಸಂಗತಿಗಳಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಲ್ಲಿ ಶಾಲೆಗಳನ್ನೂ ತೆರೆಯಲಾಯಿತು. ಅಕ್ಷರ, ಶುಚಿತ್ವ, ಔಷಧಿ ಮೂರನ್ನೂ ಹಳ್ಳಿಗೆ ಒಯ್ಯುವ ಕೆಲಸಕ್ಕೆ ಬೇರೆ ಬೇರೆ ಪ್ರಾಂತಗಳಿಂದ ಸ್ವಯಂಸೇವಕರು ಬಂದರು. ನಮ್ಮ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರು ಪುಂಡಲೀಕರನ್ನು ಕಳುಹಿಸಿಕೊಟ್ಟರು; ಬೆಳಗಾವಿಯವರೇ ಆದ ವಕೀಲ ಸೋಮನ್ ಭಿತಿಹರ್ವಾದ ಶಾಲೆಯಲ್ಲಿ ದುಡಿದರು. ಲೆಕ್ಕದ ಪುಸ್ತಕ ಓದಬಲ್ಲ ರೈತನಿಗೆ ಸುಳ್ಳು ಬಾಕಿ ತೋರಿಸುವುದು ಅಷ್ಟು ಸುಲಭವಲ್ಲ.

ನಮ್ಮ ನಾಡಿನ ಜೀತ

ಚಂಪಾರಣ್ಯ ದೂರದ ಮಾತಾಯಿತು ಎನ್ನಬೇಡಿ. ಅದೇ ಮುಂಗಡ ನಮ್ಮ ಹಳ್ಳಿಗಳಲ್ಲಿ ಜೀತ ಎಂಬ ಹೆಸರಿನಿಂದ ಇತ್ತು. ಮದುವೆಗೋ ತಿಥಿಗೋ ಪಡೆದ ಸಣ್ಣ ಸಾಲಕ್ಕಾಗಿ ಒಬ್ಬ ಮನುಷ್ಯ ಒಡೆಯನ ಮನೆಯಲ್ಲಿ ವರ್ಷಗಟ್ಟಲೆ ದುಡಿಯುವುದು, ಅವನಾದ ಮೇಲೆ ಅವನ ಮಗ ದುಡಿಯುವುದು. ಹೀಗೆ ದುಡಿದವರಲ್ಲಿ ಬಹುಪಾಲು ಜನ ಭೂಮಿಯಿಲ್ಲದ, ಅಸ್ಪೃಶ್ಯರೆಂದು ದೂರವಿಟ್ಟ ಜಾತಿಗಳವರು. ಸಾಲದ ಸಂಕೋಲೆಗೆ ಜಾತಿಯ ಕೊಂಡಿಯೂ ಸೇರಿತ್ತು. ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ ಕಾದಂಬರಿಯನ್ನು ನೀವು ಓದಿರಬಹುದು. ಸ್ವಂತ ಬೇಸಾಯ ಮಾಡಬೇಕೆಂಬ ಒಂದೇ ಆಸೆ ಹೊತ್ತ ಚೋಮನ ಮಕ್ಕಳು ಹಳೆಯ ಸಾಲ ತೀರಿಸುವುದಕ್ಕೆ ಘಟ್ಟದ ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಬಂಗಾಳದ ನೀಲಿಯ ರೈತ ಆ ಮನೆಯ ಕಥೆಯನ್ನು ಕೇಳಿದ್ದರೆ ತನ್ನದೇ ಎಂದುಕೊಳ್ಳುತ್ತಿದ್ದನು.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಜೀತ ಪದ್ಧತಿಯನ್ನು ಹೆಸರಿಟ್ಟು ರದ್ದುಮಾಡಿದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆ. ಅದು 1976ರಲ್ಲಿ ಕಾಯಿದೆಯಾಯಿತು. ಅದರ ಪ್ರಕಾರ ಜೀತದ ಸಾಲ ತಾನಾಗಿಯೇ ರದ್ದು. ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸಜೆ, ಜೊತೆಗೆ ದಂಡ. ಈ ಕಾಯಿದೆ ಇಂದಿಗೂ ಜಾರಿಯಲ್ಲಿದೆ.

ಹಸಿವೂ ಒಂದು ಬಲವಂತ

ಆದರೂ ಒಂದು ಗಂಟು ಉಳಿದಿತ್ತು. ಬಲವಂತದ ದುಡಿಮೆ ಕೂಡದು ಎನ್ನುತ್ತದೆ ಸಂವಿಧಾನ. ಯಾರೂ ಹೊಡೆಯದೆ, ಬಡಿಯದೆ, ತಾನಾಗಿಯೇ ಬಂದು ಕಡಿಮೆ ಕೂಲಿಗೆ ದುಡಿಯುವವನ ವಿಷಯವೇನು? ಅವನು ಒಪ್ಪಿದ್ದಾನಲ್ಲ! ನೀಲಿಯ ಮಾಲೀಕರು ಹಿಡಿದು ತೋರಿಸುತ್ತಿದ್ದ ಕರಾರು ಪತ್ರದ ವಾದವೇ ಇದು.

ಇದಕ್ಕೆ ಉತ್ತರ ಬಂದದ್ದು 1982ರಲ್ಲಿ. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕ್ರೀಡಾಂಗಣಗಳು, ಮೇಲ್ಸೇತುವೆಗಳು ಏಳುತ್ತಿದ್ದವು. ಅಲ್ಲಿನ ಕಾರ್ಮಿಕರಿಗೆ ಗೊತ್ತುಪಡಿಸಿದ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಆಳುಗಳನ್ನು ಕರೆತಂದ ಜಮಾದಾರರು ಒಂದು ರೂಪಾಯಿ ಹಿಡಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದರು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಪೀಠ ಹೀಗೆ ತೀರ್ಮಾನಿಸಿತು: ಬಲವಂತ ಎಂದರೆ ದೈಹಿಕ ಬಲಪ್ರಯೋಗ ಮಾತ್ರವಲ್ಲ, ಹಸಿವು ಬಡತನಗಳಿಂದಾಗಿ ಬೇರೆ ದಾರಿಯೇ ಇಲ್ಲದಂತಾಗುವುದೂ ಬಲವಂತವೇ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಬಲವಂತದ ದುಡಿಮೆ. ಮರುವರ್ಷದ ಡಿಸೆಂಬರಿನಲ್ಲಿ, ಫರೀದಾಬಾದಿನ ಕಲ್ಲುಗಣಿಗಳ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವಿದೆಯೆಂದೇ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂದಿತು. ಲೆಕ್ಕದ ಪುಸ್ತಕ ಇರುವುದು ಮಾಲೀಕನ ಕೈಯಲ್ಲಿ ತಾನೆ?

ಡಾ. ಅಂಬೇಡ್ಕರ್ ಅವರು ಈ ಮಾತನ್ನು ಬಹಳ ಮೊದಲೇ ಕಂಡಿದ್ದರು. ಕೆಲಸವಿಲ್ಲದ, ಹಸಿದ ಮನುಷ್ಯನಿಗೆ ಹಕ್ಕುಗಳ ಪಟ್ಟಿಯಿಂದ ಏನು ಪ್ರಯೋಜನ, ಒಂದು ಕೆಲಸ ಸಿಕ್ಕುವುದಾದರೆ ಆ ಹಕ್ಕುಗಳನ್ನೇ ಬಿಟ್ಟುಕೊಡುವ ಸ್ಥಿತಿ ಅವನದು ಎಂದು 1947ರಲ್ಲಿ ಎಚ್ಚರಿಸಿದ್ದರು. ರಾಜಕೀಯದಲ್ಲಿ ಸಮಾನತೆ, ಬಾಳಿನಲ್ಲಿ ಅಸಮಾನತೆ ಎಂಬ ವಿರೋಧವನ್ನು ಬೇಗ ನಿವಾರಿಸದಿದ್ದರೆ ಪ್ರಜಾಪ್ರಭುತ್ವಕ್ಕೇ ಅಪಾಯ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದರು.

ಮಿತ್ರರೇ, ಹಣ ಗಳಿಸುವುದು ತಪ್ಪಲ್ಲ; ಸಾಲ ಕೊಡುವುದು, ಪಡೆಯುವುದು ವ್ಯವಹಾರದಲ್ಲಿ ಇರುವುದೇ. ಆದರೆ ಒಬ್ಬನ ಅಗತ್ಯವನ್ನು ಇನ್ನೊಬ್ಬನು ಹಗ್ಗ ಮಾಡಿಕೊಂಡಾಗ ಆ ವ್ಯವಹಾರ ದಾಸ್ಯವಾಗುತ್ತದೆ. ಇಟ್ಟಿಗೆಯ ಗೂಡುಗಳಲ್ಲಿ, ಕಬ್ಬು ಕಡಿಯುವ ಗ್ಯಾಂಗುಗಳಲ್ಲಿ ಮುಂಗಡ ಇಂದೂ ನಡೆದಿದೆ. ಎಲ್ಲ ಮುಂಗಡವೂ ಜೀತವಲ್ಲ. ಯಾವುದು ಜೀತ ಎಂದು ತಿಳಿಯಲು ಮೂರು ಪ್ರಶ್ನೆಗಳನ್ನು ಕೇಳಿ. ಹಣ ಪಡೆದವನು ಬೇರೆ ಕಡೆ ಕೆಲಸಕ್ಕೆ ಹೋಗಬಲ್ಲನೆ? ತನ್ನ ಲೆಕ್ಕವನ್ನು ತಾನೇ ನೋಡಬಲ್ಲನೆ? ಅವನ ಮಕ್ಕಳು ಆ ಸಾಲದಿಂದ ಹೊರಗೆ ಶಾಲೆಯಲ್ಲಿದ್ದಾರೆಯೆ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ, ಅದು ನೀಲಿಯ ಕೋಠಿಯೇ. ಅದನ್ನು ಜಿಲ್ಲಾಧಿಕಾರಿಯ ಗಮನಕ್ಕೆ ತರುವ ಹಕ್ಕು ಯಾವ ನಾಗರಿಕನಿಗೂ ಇದೆ. ಜೀತದಿಂದ ಬಿಡಿಸುವ ಹೊಣೆಯನ್ನು 1976ರ ಕಾಯಿದೆ ಅವರ ಮೇಲೆ ಹೊರಿಸಿದೆ.

ನಿಮ್ಮ ಊರಿನ ಹಿರಿಯರನ್ನು ಕಂಡಾಗ ಜೀತವೆಂದರೆ ಹೇಗಿತ್ತು ಎಂದು ಕೇಳಿ ಬರೆದುಕೊಳ್ಳಿ. ಚಂಪಾರಣ್ಯದಲ್ಲಿ ವಕೀಲರು ಮಾಡಿದ ಮೊದಲ ಕೆಲಸವೂ ಅದೇ ಆಗಿತ್ತು.